ಭಾಂಡುಪಿಗೆ ತಲುಪದ ಬಾಗಿನ

ಭಾದ್ರಪದ ಶುದ್ಧ ಪಾಡ್ಯ, ಭಾನುವಾರ ರಾತ್ರಿ ಅರಸೀಕೆರೆಯಲ್ಲಿ ಪೂನಾ ಮೇಲು ಹತ್ತಿದೆ. ಕಲ್ಯಾಣದವರೆಗೆ ಮೂರನೇ ತರಗತಿಯ ಟಿಕೆಟ್ಟಿಗೆ ಹದಿನಾಲ್ಕು ರೂಪಾಯಿ ಚಿಲ್ಲರೆ. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ತೊಡೆಯ ಮೇಲೆ ಹಳದಿ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಒಂದು ಜೊತೆ ಮೊರ. ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೂ ಆ ಮೊರಗಳನ್ನು ಮೇಲಿನ ಹಲಗೆಗೆ ಏರಿಸಲು ನಾನು ಒಪ್ಪಲಿಲ್ಲ. ಪಕ್ಕದಲ್ಲಿ ಕೂತಿದ್ದ ಕಡೂರಿನ ಎಮ್ಮೆ ವ್ಯಾಪಾರಿಯೊಬ್ಬ, "ಏನ್ ಸ್ವಾಮಿ, ಮಗೂನ ಮಲಗಿಸಿಕೊಂಡಂಗೆ ಇಟ್ಕೊಂಡಿದ್ದೀರಲ್ಲ?" ಎಂದು ನಕ್ಕ. "ಬಾಗಿನ ಕಣಯ್ಯ, ತಂಗಿಗೆ" ಎಂದೆ. ಅವನು ತಟ್ಟನೆ ಕಾಲು ಮಡಚಿಕೊಂಡು ಜಾಗ ಬಿಟ್ಟ.

ಆಗಿನ್ನೂ ಹುಬ್ಬಳ್ಳಿ ಧಾರವಾಡಗಳು ಮುಂಬಯಿ ಸರ್ಕಾರದ ಕೆಳಗೇ ಇದ್ದವು. ಹರಿಹರದ ಹೊಳೆ ದಾಟಿದರೆ ನಮ್ಮ ಮೈಸೂರು ಸೀಮೆಯವರಿಗೆ ಪರದೇಶ. ಆ ಪರದೇಶಕ್ಕೆ ನನ್ನ ತಂಗಿ ರತ್ನ ಏಳು ವರ್ಷದ ಹಿಂದೆ ಹೋಗಿದ್ದಳು. ದತ್ತಾರಾಮ ಎಂಬ ಹುಡುಗ ರೈಲ್ವೆ ಸಿಗ್ನಲ್ ಕೆಲಸದ ಮೇಲೆ ನಮ್ಮೂರಿನಲ್ಲಿ ಎರಡು ವರ್ಷ ಇದ್ದ. ಕೊಂಕಣದವನು, ಮರಾಠಿಯವನು, ನಮ್ಮ ಜಾತಿಯವನೂ ಅಲ್ಲ. ಮದುವೆಯಾದರೆ ಅವನನ್ನೇ ಎಂದು ರತ್ನ ಹಟ ಹಿಡಿದಳು, ಮುಂಬಯಿಗೆ ಹೋಗಿ ಆಗಿಯೂ ಬಿಟ್ಟಳು. ಅವಳು ಹೊರಟ ದಿನ ಅಮ್ಮ, "ಇನ್ನು ಈ ಹೊಸ್ತಿಲು ನಿನಗಿಲ್ಲ" ಎಂದಳು. ನಾನು ಅಮ್ಮನ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದೆ. ಒಂದು ಮಾತು ಆಡಲಿಲ್ಲ. ಏಳು ಗೌರಿ ಹಬ್ಬ ಬಂದು ಹೋದವು, ತವರಿನಿಂದ ಅವಳಿಗೆ ಒಂದು ಚೂರು ಅರಿಶಿನ ಹೋಗಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಅಮ್ಮ ಒಂದು ದಿನ ತಾನೇ ತಾನಾಗಿ, "ಗೌರಿಗೆ ಅವಳಿಗೆ ಬಾಗಿನ ಕೊಟ್ಟು ಬಾರೋ" ಎಂದಳು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬಾಗಿನ ಮುಟ್ಟುವಂತಿರಲಿಲ್ಲ. ನನ್ನ ಹೆಂಡತಿ ಜಾನಕಿಯನ್ನು ಎದುರಿಗೆ ಕೂರಿಸಿಕೊಂಡು, ತಾನು ಮಾರು ದೂರದಲ್ಲಿ ಗೋಡೆಗೆ ಒರಗಿ, ಒಂದೊಂದಾಗಿ ಹೇಳಿ ಹಾಕಿಸಿದಳು. ಅಕ್ಕಿ, ಬೇಳೆ, ಅಚ್ಚು ಬೆಲ್ಲ, ಗಿಟುಕು ಕೊಬ್ಬರಿ, ಬಳೆ, ಬಾಚಣಿಗೆ, ಕನ್ನಡಿ, ರವಿಕೆ ಕಣ. ಒಂದು ಕಾಳು ಹುಳುಕಿದ್ದರೂ ಅಲ್ಲಿಂದಲೇ ಕಂಡುಹಿಡಿದು ತೆಗೆಸಿದಳು. ಜಾನಕಿಗೆ ಸಾಕುಸಾಕಾಯಿತು. ಅಮ್ಮನಿಗೆ ಓದು ಬರಹ ಬಾರದು, ಕಾಗದ ಬರೆಯುವುದು ನನ್ನ ಪಾಲಿನ ಕೆಲಸ. ನಾನು ಸಬ್ ಪೋಸ್ಟ್‌ಮಾಸ್ಟರು. ತಂತಿ ಬರೆದು ಬರೆದು ನನ್ನ ಕಾಗದಗಳೂ ತಂತಿಯಂತೆಯೇ ಇರುತ್ತವೆ. "ಗೌರಿಗೆ ಬಾಗಿನ ತರುತ್ತಿದ್ದೇನೆ" ಎಂದು ಒಂದು ಕಾರ್ಡು ಹಾಕಿದೆ. ಅಮ್ಮನ ಹೆಸರೆತ್ತಲಿಲ್ಲ.

ಸೋಮವಾರ ಬೆಳಿಗ್ಗೆ ಹುಬ್ಬಳ್ಳಿ. ಪ್ಲಾಟ್‌ಫಾರ್ಮಿನಲ್ಲಿ ಒಗ್ಗರಣೆ ಅವಲಕ್ಕಿ ಎರಡಾಣೆ, ಚಹಾ ಒಂದಾಣೆ. ಲೋಂಡಾ ಹತ್ತಿರವಾಗುತ್ತಿದ್ದಂತೆ ಮಳೆ ಹಿಡಿಯಿತು. ಬೆಳಗಾವಿಯಲ್ಲಿ ಇನ್ನೂ ಜೋರಾಯಿತು. ಸಂಜೆಗೆ ಕುಡಚಿ ಸ್ಟೇಷನ್ನಿಗೆ ಬಂದು ಗಾಡಿ ನಿಂತಿತು. ಮುಂದೆ ಕೃಷ್ಣಾ ನದಿ ಉಕ್ಕಿದೆ, ಸೇತುವೆ ನೋಡಿದ ಮೇಲೆಯೇ ಬಿಡುವುದು ಎಂದರು. ರಾತ್ರಿ ಕಳೆಯಿತು. ಬೆಳಗಾಯಿತು. ಮಂಗಳವಾರ, ತದಿಗೆ, ಗೌರಿ ಹಬ್ಬದ ದಿನ. ಆ ಹೊತ್ತಿಗೆ ನಾನು ಮುಂಬಯಿ ಹೊರವಲಯದ ಭಾಂಡುಪಿನಲ್ಲಿ ತಂಗಿಯ ಮನೆಯಲ್ಲಿರಬೇಕಿತ್ತು. ಇದ್ದದ್ದು ಕುಡಚಿಯ ಕೆಸರಿನಲ್ಲಿ. ಸ್ಟೇಷನ್ ಮಾಸ್ಟರರನ್ನು ಗಂಟೆಗೊಮ್ಮೆ ಹೋಗಿ ಕೇಳಿದೆ. ನಾಲ್ಕನೇ ಸಲ ಆತ, "ನದೀನ್ನ ಕೇಳ್ರಿ ಸಾಹೇಬ್ರ, ನನ್ನನ್ಯಾಕ ಕೇಳ್ತೀರಿ?" ಎಂದು ಬಾಗಿಲು ಹಾಕಿಕೊಂಡ.

ಈಗ ನನ್ನ ಒಂದು ದೊಡ್ಡಸ್ತಿಕೆಯ ವಿಷಯ ಹೇಳಬೇಕು. ಊರಿನಲ್ಲಿ ಯಾರಿಗೆ ತಿಥಿಯ ಅನುಮಾನ ಬಂದರೂ ಅಂಚೆ ಕಚೇರಿಯ ಕಿಟಕಿಗೆ ಬಂದು ನನ್ನನ್ನೇ ಕೇಳುತ್ತಿದ್ದರು. ಪಂಚಾಂಗ ನನ್ನ ಮೇಜಿನ ಮೇಲೆ ಅಂಚೆ ಮುದ್ರೆಯ ಪಕ್ಕದಲ್ಲೇ ಇರುತ್ತಿತ್ತು. ನನ್ನ ಲೆಕ್ಕದಲ್ಲಿ ಬಾಗಿನವೆಂದರೆ ತದಿಗೆಯ ಹೊತ್ತು ಮುಳುಗುವುದರೊಳಗೆ ಮುತ್ತೈದೆಯ ಕೈ ಸೇರಬೇಕು. ಚೌತಿ ಬಂದ ಮೇಲೆ ಅದು ಬಾಗಿನವಲ್ಲ, ಬರೀ ದಿನಸಿ. ಮಧ್ಯಾಹ್ನ ಕಳೆದಂತೆ ನನಗೆ ಚಡಪಡಿಕೆ ಶುರುವಾಯಿತು.

ಎದುರಿನ ಬೆಂಚಿನಲ್ಲಿ ಅಥಣಿ ಕಡೆಯ ಗಂಡ ಹೆಂಡತಿ ಇದ್ದರು. ಮಿರಜಿಗೆ ಹೋಗುವವರು. ಆಕೆಯ ಹೆಸರು ಗಂಗವ್ವ. ಎರಡು ಹೊತ್ತೂ ನನಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಉಪವಾಸ ತಪ್ಪಿಸಿದ್ದು ಆಕೆಯೇ. ನನ್ನ ಪೇಚಾಟ ಕೇಳಿ, "ತಂಗೀನ್ನ ಯಾವ ಮಂದಿಗೆ ಕೊಟ್ಟೀರಿ ಅಣ್ಣಾರ?" ಎಂದು ಕೇಳಿದಳು.

"ಕೊಂಕಣದವರು, ಮರಾಠಿಯವರು" ಎಂದೆ.

"ಹಂಗಾದ್ರ ಯಾಕ ಗಡಿಬಿಡಿ ಮಾಡ್ತೀರಿ? ಅವರ ಮನ್ಯಾಗ ಗಣಪತಿ ಕುಂತು ಎರಡು ಮೂರು ದಿನಕ್ಕ ಗೌರಿ ಬರ್ತಾಳ್ರಿ. ನಮ್ಮ ಕಡೆನೂ ಹಂಗ. ಇನ್ನೂ ಭಾಳ ಹೊತ್ತೈತಿ."

ನನಗೆ ಕೋಪ ಮೂಗಿನ ತುದಿಯಲ್ಲೇ ಇತ್ತು. ತಾಯಿ ಮೊದಲು ತವರಿಗೆ ಬರುವುದು, ಮಾರನೆಯ ದಿನ ಮಗ ಬಂದು ಕರೆದುಕೊಂಡು ಹೋಗುವುದು, ಮಗನೇ ಮೊದಲು ಬಂದು ಕೂತರೆ ತಾಯಿಗೇನು ಮರ್ಯಾದೆ ಎಂದು ಭಾಷಣವನ್ನೇ ಬಿಗಿದೆ. ಆಕೆಯ ಗಂಡ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, "ಭಾಳ ಓದಿದವರದೀರಿ ಬಿಡ್ರಿ" ಎಂದ. ಅದು ಹೊಗಳಿಕೆ ಎಂದೇ ನಾನು ತಿಳಿದೆ.

ಹೊತ್ತು ಇಳಿಯಿತು. ಆಪದ್ಧರ್ಮ ಎಂದು ಮನಸ್ಸಿಗೆ ಹೇಳಿಕೊಂಡು, ಮೊರಗಳನ್ನು ಎತ್ತಿ ಗಂಗವ್ವನ ಮುಂದೆ ಹಿಡಿದೆ. ಆಕೆ ಹಿಂದೆ ಸರಿದಳು. "ಬ್ಯಾಡ್ರಿ ಅಣ್ಣಾರ. ತಂಗಿ ಹೆಸರು ಹೇಳಿ ಹೊತ್ತು ತಂದೀರಿ. ಇದು ನನ್ನ ಕೈಯಾಗ ಬರಬಾರದ್ರಿ." ನಾನು ಬಿಡಲಿಲ್ಲ. ಮುತ್ತೈದೆ ಬಾಗಿನ ಬೇಡವೆನ್ನಬಾರದು ಎಂದು ಹೆದರಿಸಿದೆ. ಕೊನೆಗೆ ಆಕೆ ತಲೆಯ ಮೇಲೆ ಸೆರಗು ಹೊದ್ದು, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. "ನಿಮ್ಮ ತಂಗಿ ನೂರು ವರ್ಷ ಮುತ್ತೈದಿಯಾಗಿ ಬಾಳ್ಲಿ" ಎಂದಳು. ಶಾಸ್ತ್ರ ಉಳಿಸಿದೆ ಎಂದು ನನಗೆ ಎಷ್ಟು ಸಮಾಧಾನವಾಯಿತೆಂದರೆ, ಗಾಡಿ ಹೊರಟ ಮೇಲೆ ಕೂತಲ್ಲೇ ನಿದ್ದೆ ಹೋದೆ. ಅವರು ಮಿರಜಿನಲ್ಲಿ ಇಳಿದುಹೋದದ್ದೂ ತಿಳಿಯಲಿಲ್ಲ.

ಪೂನಾದಲ್ಲಿ ಗಾಡಿ ಬದಲಿಸಿ, ಬುಧವಾರ ಹನ್ನೊಂದು ಗಂಟೆಗೆ ಕಲ್ಯಾಣದಲ್ಲಿ ಇಳಿದೆ. ಅಲ್ಲಿಂದ ಭಾಂಡುಪಿಗೆ ಲೋಕಲ್, ನಾಲ್ಕಾಣೆ. ಕರೆಂಟಿನ ಗಾಡಿಯಲ್ಲಿ ನಾನು ಕೂತದ್ದು ಅದೇ ಮೊದಲು. ಹೊಗೆಯಿಲ್ಲ, ಮಸಿಯಿಲ್ಲ, ಹೊರಟಿತು ಎನ್ನುವಷ್ಟರಲ್ಲಿ ನಿಲ್ಲುತ್ತದೆ, ನಿಂತಿತು ಎನ್ನುವಷ್ಟರಲ್ಲಿ ಹೊರಡುತ್ತದೆ. ಅಂದು ಚೌತಿ. ಡಬ್ಬಿಯ ತುಂಬ ಗಣಪತಿಗಳು. ಕಾರ್ಖಾನೆಯ ಗಟ್ಟಿ ಆಳುಗಳು ತೊಡೆಯ ಮೇಲೆ ಗಣಪತಿಯನ್ನು ಕೂರಿಸಿಕೊಂಡು, ದೃಷ್ಟಿಯಾಗದಂತೆ ಅದರ ಮುಖಕ್ಕೆ ಕರವಸ್ತ್ರ ಮುಚ್ಚಿ, ಮಳೆಯ ಎರಚಲಿಗೆ ಬೆನ್ನು ಕೊಟ್ಟು ಕೂತಿದ್ದರು. ನನ್ನ ಬರಿದಾದ ತೊಡೆಯನ್ನು ನೋಡಿ ಒಬ್ಬ ತನ್ನ ಗಣಪತಿಯನ್ನು ಒಂದು ಸ್ಟೇಷನ್ನಿನ ಮಟ್ಟಿಗೆ ನನಗೆ ಹಿಡಿಯಲು ಕೊಟ್ಟು, ಬೀಡಿ ಸೇದಿ ಬಂದ.

ಭಾಂಡುಪ್ ಆಗ ಅರ್ಧ ಹಳ್ಳಿ, ಅರ್ಧ ಕಾರ್ಖಾನೆ. ಒಂದು ಕಡೆ ಹಸಿರು ಗುಡ್ಡ, ಇನ್ನೊಂದು ಕಡೆ ಮಳೆನೀರು ತುಂಬಿದ ಉಪ್ಪಿನ ಗದ್ದೆ. ರತ್ನ ಇದ್ದ ಚಾಳು, ಅಂದರೆ ಸಾಲುಮನೆ, ಗುಡ್ಡದ ಬುಡದಲ್ಲಿತ್ತು. ಹದಿನಾರು ಖೋಲಿ ಎಂಬ ಒಂಟಿ ಕೋಣೆಗಳು, ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. "ರತ್ನ ಎಲ್ಲಿದ್ದಾಳೆ?" ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನಲ್ಲಿಯ ಹತ್ತಿರದ ಹೆಂಗಸೊಬ್ಬಳು, "ಸುನಂದಾಚಾ ಭಾವೂ ಕಾ?" ಎಂದಳು. ಸುನಂದೆಯ ಅಣ್ಣನೇ ಎಂದು ಕೇಳುತ್ತಿದ್ದಾಳೆಂದು ತಿಳಿಯಿತು. ಅಲ್ಲವೆಂದು ತಲೆಯಾಡಿಸಿ ಮುಂದೆ ನಡೆದೆ. ಅಷ್ಟರಲ್ಲಿ ಹಿಂದಿನಿಂದ, "ಅಣ್ಣಯ್ಯಾ!" ಎಂಬ ಕೂಗು. ಮದುವೆಯಲ್ಲಿ ಅವರಲ್ಲಿ ಹೆಣ್ಣಿನ ಹೆಸರನ್ನೂ ಬದಲಾಯಿಸುತ್ತಾರಂತೆ. ನನ್ನ ತಂಗಿಗೆ ಏಳು ವರ್ಷದಿಂದ ಇನ್ನೊಂದು ಹೆಸರಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಒದ್ದೆ ಕೈಯಲ್ಲೇ ಓಡಿಬಂದು ಅವಳು ನನ್ನ ತೋಳು ಹಿಡಿದಳು. ತೆಳ್ಳಗಾಗಿದ್ದಳು, ಮುಖ ಮಾತ್ರ ಅದೇ. "ಎರಡು ದಿನ ಮುಂಚೇನೇ ಬಂದ್ಯಲ್ಲೋ ಅಣ್ಣಯ್ಯ!"

"ಮುಂಚೆಯೇ? ಒಂದು ದಿನ ತಡವಾಯಿತಲ್ಲೇ. ಗೌರಿ ನಿನ್ನೆಯೇ ಆಯಿತು."

"ನಿನ್ನೆ ಅಲ್ಲ. ಇವರಲ್ಲಿ ಗೌರಿ ಬರೋದು ನಾಡಿದ್ದು ಶುಕ್ರವಾರ. ಶನಿವಾರ ಪೂಜೆ. ನೀನು ಸರಿಯಾಗೇ ಬಂದೆ!"

ಅಥಣಿಯ ಆ ಹೆಂಗಸಿನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಅಷ್ಟು ಹೊತ್ತಿಗೆ ಚಾಳಿನ ಜನ ನನ್ನ ಟ್ರಂಕು, ಹಾಸಿಗೆ ಎತ್ತಿಕೊಂಡು ಹೋಗಿಯಾಗಿತ್ತು. ಅವಳ ಅತ್ತೆ, ಎಲ್ಲರೂ ಆಯಿ ಎಂದು ಕರೆಯುವ ಮುದುಕಿ, ಬಾಗಿಲಲ್ಲೇ ನನ್ನ ಕಾಲಿಗೆ ನೀರು ಹಾಕಿ ಬೆಲ್ಲ ಕೊಟ್ಟಳು. ದತ್ತಾರಾಮ ಈಗ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಮ್ಮೂರಿನಲ್ಲಿ ಕಲಿತ ಕನ್ನಡವನ್ನು ಹುಡುಕಿ ಹುಡುಕಿ ತೆಗೆದು, "ನೀವು ಬಂದಿದ್ದು ಬಹಳ ಒಳ್ಳೇದು ಆಯ್ತು ಭಾವ. ಇವಳು ನಾಲ್ಕು ದಿನದಿಂದ ಸರಿ ಊಟ ಮಾಡಿಲ್ಲ" ಎಂದ. ಇಂಥವನನ್ನು ಏಳು ವರ್ಷ ದೂರವಿಟ್ಟೆವಲ್ಲ ಎಂದು ಆಗಲೇ ಒಮ್ಮೆ ಮನಸ್ಸು ಚುಚ್ಚಿತು.

ಊಟಕ್ಕೆ ಮೋದಕ, ವರಣ ಭಾತ್ ಎಂಬ ತೊವ್ವೆ ಅನ್ನ. ಬಡಿಸುತ್ತಾ ರತ್ನ ಮೆಲ್ಲಗೆ ಹೇಳಿದಳು: "ಇವರಲ್ಲಿ ಗೌರಿ ಅಂದ್ರೆ ತವರಿಗೆ ಬಂದ ಮಗಳು ಅಣ್ಣಯ್ಯ. ಚಾಳಿನ ಎಲ್ಲರಿಗೂ ಆಗ ತವರಿನವರು ಬರ್ತಾರೆ. ನನ್ನನ್ನ ಏಳು ವರ್ಷದಿಂದ ಕೇಳ್ತಾರೆ, ನಿನ್ನ ತವರು ಎಲ್ಲಿ, ಯಾರೂ ಬರಲ್ವಲ್ಲ ಅಂತ. ನಿನ್ನ ಕಾರ್ಡು ಬಂದ ದಿನ ಹದಿನಾರು ಖೋಲಿಗೂ ಹೋಗಿ ಓದಿ ಹೇಳಿದೆ." ಅವಳ ಕಣ್ಣು ಮೂಲೆಯಲ್ಲಿದ್ದ ನನ್ನ ಸಾಮಾನಿನ ಮೇಲೆ ಹೋಯಿತು. "ಬಾಗಿನ... ಅಮ್ಮನೇ ಕಳಿಸಿದ್ಳಾ?"

"ಮತ್ತೆ? ಅಮ್ಮನೇ ಕಳಿಸಿದ್ದು."

"ನಿಜವಾಗ್ಲೂ?"

"ಟ್ರಂಕಿನಲ್ಲಿದೆ. ಹಬ್ಬದ ದಿನವೇ ತೆಗೆಯಬೇಕು, ಅದಕ್ಕೆ ಮುಂಚೆ ತೆಗೆಯೋ ಹಾಗಿಲ್ಲ" ಎಂದೆ. ಅಮ್ಮ ಕಳಿಸಿದ್ದು ಎಂಬುದು ಸತ್ಯ, ಟ್ರಂಕಿನಲ್ಲಿದೆ ಎಂಬುದು ಸುಳ್ಳು. ಅಲ್ಲೇ, ಆ ಎಲೆಯ ಮುಂದೆಯೇ ಹೇಳಿಬಿಡಬೇಕಿತ್ತು. ಅವಳ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ.

ಆ ಸಂಜೆ ಚಾಳಿನ ಜನರೆಲ್ಲ ತಾಳ ಹಿಡಿದುಕೊಂಡು ಗಣಪತಿ ಕೂತಿದ್ದ ಒಂದೊಂದು ಖೋಲಿಗೂ ಹೋಗಿ ಆರತಿ ಹಾಡಿದರು. ನಮ್ಮ ಕಡೆ ಅವರವರ ಮನೆಯ ಗಣಪತಿ ಅವರವರಿಗೆ. ಇಲ್ಲಿ ಒಬ್ಬರ ಗಣಪತಿ ಎಲ್ಲರಿಗೂ. ನನ್ನ ಕೈಗೂ ಒಂದು ತಾಳ ಕೊಟ್ಟರು. ತಾಳ ತಪ್ಪಿದಾಗಲೆಲ್ಲ ಆಯಿ ತೊಡೆ ತಟ್ಟಿ ತೋರಿಸಿಕೊಟ್ಟಳು. ಹನ್ನೊಂದು ಮನೆಯ ಪ್ರಸಾದ ತಿಂದೆ. ಎಲ್ಲ ಮನೆಯಲ್ಲೂ ಒಂದೇ ಮಾತು, "ಸುನಂದಾಚಾ ಭಾವೂ ಆಲಾ". ಸುನಂದೆಯ ಅಣ್ಣ ಬಂದ. ಇಷ್ಟು ಆದರ ನನಗೆ ನನ್ನ ಮಾವನ ಮನೆಯಲ್ಲೂ ಸಿಕ್ಕಿರಲಿಲ್ಲ.

ಗುರುವಾರ ಅಂಚೆ ಇಲಾಖೆಯ ಗೆಳೆಯನೊಬ್ಬನನ್ನು ನೋಡಬೇಕೆಂದು ನೆವ ಹೇಳಿ ಮಾಟುಂಗಕ್ಕೆ ಹೋದೆ. ನಮ್ಮ ಕಡೆಯ ಸಾಮಾನು ಅಲ್ಲಿ ಸಿಗುತ್ತದೆಂದು ದತ್ತಾರಾಮನೇ ಮಾತಿನ ನಡುವೆ ಹೇಳಿದ್ದ. ಉಡುಪಿಯವರ ಹೋಟೆಲಿನಲ್ಲಿ ಎರಡಾಣೆಯ ಕಾಫಿ ಕುಡಿಯುತ್ತಾ, ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಯಜಮಾನರನ್ನು ಮೊರ ಎಲ್ಲಿ ಸಿಗುತ್ತದೆಂದು ಕೇಳಿದೆ.

"ಎಂತ ಮಾರಾಯ್ರೆ, ಗೌರಿ ಮೊನ್ನೆಯೇ ಆಯಿತಲ್ಲ, ಈಗ ಮೊರ ಯಾರಿಗೆ?" ಎಂದರು. ಹಿಂದಿನ ದಿನದಿಂದ ಒತ್ತಿಟ್ಟುಕೊಂಡದ್ದು ಆ ಕನ್ನಡ ಕೇಳಿ ತಡೆಯಲಾರದೆ ಹೊರಬಂತು. ಎಲ್ಲ ಹೇಳಿದೆ. ಅವರು ಗಿರಾಕಿಗಳ ಚಿಲ್ಲರೆಯನ್ನೂ ಮರೆತು ಕೇಳಿದರು.

"ನೋಡಿ, ನಾನೊಂದು ಹೇಳುತ್ತೇನೆ. 'ಹೀಗೆ ಮಂಡೆ ಕೆಟ್ಟ ಕೆಲಸ ಮಾಡಿದೆ ಮಗಾ' ಅಂತ ಹೇಳಿಬಿಡಿ. ತಂಗಿ ಅಲ್ವಾ, ನಾಲ್ಕು ಬೈದು ಸುಮ್ಮನಾಗ್ತಾರೆ."

"ಹದಿನಾರು ಖೋಲಿಯವರು ನಗುವುದಿಲ್ಲವೇ?"

"ನಗಲಿ. ನಿಮ್ಮನ್ನು ನೋಡಿ ನಗುವುದಲ್ಲವಾ, ಅವರನ್ನು ನೋಡಿ ಅಲ್ಲವಲ್ಲ."

ಎಷ್ಟು ಸರಿಯಾದ ಮಾತು! ನನಗೆ ಬೇಡವಾಗಿದ್ದದ್ದೂ ಅದೇ. ಸ್ವಂತ ತಂಗಿಯ ಬಾಗಿನವನ್ನು ದಾರಿಯಲ್ಲಿ ದಾನ ಮಾಡಿದ ಪಂಚಾಂಗದ ಪಂಡಿತ ಎಂದು ನಾನು ಅನ್ನಿಸಿಕೊಳ್ಳಬೇಕಲ್ಲ. ಮಾರುಕಟ್ಟೆ ಸುತ್ತಿದೆ. ನಮ್ಮ ಮೊರ ಸಿಗಲಿಲ್ಲ. ಇವರು ಧಾನ್ಯ ಕೇರುವ, ಸೂಪು ಎಂಬ ದೊಡ್ಡ ಮೊರ ಸಿಕ್ಕಿತು, ಅದನ್ನೇ ಎರಡು ಕೊಂಡೆ. ಬೇಳೆ, ಬೆಲ್ಲ, ಬಳೆ, ರವಿಕೆ ಕಣ, ಒಂದು ಒಳ್ಳೆಯ ತೆಂಗಿನಕಾಯಿ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಕೂತು ಮೊರಗಳಿಗೆ ನಾನೇ ಅರಿಶಿನ ಬಳಿದು ಕುಂಕುಮ ಇಟ್ಟೆ. ಕೈಯೆಲ್ಲ ಹಳದಿಯಾಯಿತು. ಯಜಮಾನರು ಬಂದು ನೋಡಿದರು. ಕಾಫಿಯ ದುಡ್ಡು ತೆಗೆದುಕೊಳ್ಳಲಿಲ್ಲ. ಸಂಜೆ ಮನೆಯವರೆಲ್ಲ ಆರತಿಗೆಂದು ಬೇರೆ ಖೋಲಿಗೆ ಹೋಗಿದ್ದಾಗ ಎಲ್ಲವನ್ನೂ ಟ್ರಂಕಿನಲ್ಲಿ ಅಡಗಿಸಿದೆ.

ಶುಕ್ರವಾರ ಸಂಜೆ ಗೌರಿ ಬಂದಳು. ಮೂರ್ತಿಯಲ್ಲ, ಗುಡ್ಡದಿಂದ ಕಿತ್ತು ತಂದ ತೇರಡಾ ಎಂಬ ಹೂಗಿಡದ ಕಟ್ಟು. ನಲ್ಲಿಯ ಹತ್ತಿರ ಅದಕ್ಕೆ ಪೂಜೆ ಮಾಡಿ, ರತ್ನ ಅದನ್ನು ಎದೆಗವಚಿಕೊಂಡು ಹಿಂದಿರುಗಿ ನೋಡದೆ ನಡೆದುಬಂದಳು. ಬಾಗಿಲಿನಿಂದ ಒಲೆಯವರೆಗೆ ಕುಂಕುಮದ ಹೆಜ್ಜೆ ಬರೆದಿದ್ದರು. ಒಂದೊಂದು ಹೆಜ್ಜೆಗೂ ಆಯಿ, ಗೌರಿ ಹೇಗೆ ಬಂದಳು ಎಂದು ಕೇಳುವುದು, ಚಿನ್ನದ ಹೆಜ್ಜೆಯಿಟ್ಟು ಬಂದಳು ಎಂದು ರತ್ನ ಮರಾಠಿಯಲ್ಲಿ ಹೇಳುವುದು. ಗೌರಿಗೆ ಅಕ್ಕಿಯ ಡಬ್ಬ, ಒಲೆ, ಹಾಸಿಗೆಯ ಗಂಟು ಎಲ್ಲ ತೋರಿಸಿದರು. ಮಗಳು ತವರಿಗೆ ಬಂದರೆ ಮನೆಯೆಲ್ಲ ನೋಡಬೇಕಂತೆ. ಆ ರಾತ್ರಿ ಅವಳಿಗೆ ಹಬ್ಬದೂಟವಿಲ್ಲ, ಭಾಕರಿ ಎಂಬ ರೊಟ್ಟಿ ಮತ್ತು ಸೊಪ್ಪಿನ ಪಲ್ಯ. ಪ್ರಯಾಣ ಮಾಡಿ ದಣಿದು ಬಂದವಳಿಗೆ ಹಗುರವಾದ ಊಟ. ನಾನು ಮೂಲೆಯಲ್ಲಿ ಕೂತು ನೋಡಿದೆ. ಗಣಪತಿ ಮೊದಲು ಬಂದಿದ್ದರೂ ತಾಯಿಯ ಮರ್ಯಾದೆಗೆ ಎಲ್ಲೂ ಊನ ಬಂದಿರಲಿಲ್ಲ.

ಶನಿವಾರ ಪೂಜೆ, ಪೂರಣ ಪೋಳಿ, ಹದಿನಾರು ತರಕಾರಿಯ ಒಂದು ಪಲ್ಯ. ಖೋಲಿಯ ತುಂಬ ಹೆಂಗಸರು, ಹೊರಗೂ ನಿಂತಿದ್ದರು. ನಾನು ಟ್ರಂಕು ತೆಗೆದು ಬಾಗಿನ ಕೊಟ್ಟೆ. ಆಯಿ ಸೂಪು ನೋಡಿ ಹಿಗ್ಗಿಹೋದಳು. ಕೊಂಕಣದಲ್ಲಿ ಅವರೂ ಗೌರಿಗೆ ಸೂಪಿನಲ್ಲೇ ಅರ್ಪಿಸುವುದಂತೆ, ಇಷ್ಟು ದೂರದಲ್ಲೂ ಅದೇ ಪದ್ಧತಿಯೇ ಎಂದು ದತ್ತಾರಾಮನ ಬಾಯಲ್ಲಿ ಕೇಳಿಸಿದಳು. ಹೌದೆಂದೆ. ರತ್ನ ಸೆರಗು ಹೊದ್ದು ಗೌರಿಯ ಮುಂದೆ ಕೂತು ಮೇಲಿನ ಮೊರ ಸರಿಸಿದಳು. ಒಂದೊಂದನ್ನೂ ಮುಟ್ಟಿ ನೋಡಿದಳು. ಅವಳ ಕೈ ತೆಂಗಿನಕಾಯಿಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಮರಾಠಿಯಲ್ಲಿ ಏನೋ ಹೇಳಿದಳು. ಹೆಂಗಸರೆಲ್ಲ ಮೆಚ್ಚಿ ತಲೆದೂಗಿದರು. "ನಮ್ಮ ತಾಯಿ ಎಷ್ಟು ಚೆನ್ನಾಗಿ ಜೋಡಿಸಿದ್ದಾಳೆ, ನೋಡಿ ಅಂತ ಹೇಳ್ತಾಳೆ" ಎಂದು ದತ್ತಾರಾಮ ತಿಳಿಸಿದ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮೂರು ಪೂರಣ ಪೋಳಿ ತಿಂದೆ.

ಭಾನುವಾರ ಗೌರಿ ಗಣಪತಿ ಇಬ್ಬರನ್ನೂ ಕೆರೆಗೆ ಕಳಿಸಿಕೊಟ್ಟೆವು. ಮಳೆ ಬಿಟ್ಟಿರಲಿಲ್ಲ. ದತ್ತಾರಾಮ ನಡುನೀರಿನಲ್ಲಿ ನಿಂತು ಮೂರು ಸಲ ಮುಳುಗಿಸಿದ. ಮಣೆಯ ಮೇಲೆ ಕೆರೆಯ ಒಂದು ಹಿಡಿ ಮಣ್ಣು ಇಟ್ಟುಕೊಂಡು ಮನೆಗೆ ಬಂದೆವು. ಖೋಲಿ ಭಣಭಣ ಎನ್ನುತ್ತಿತ್ತು. ಆಯಿ ನನ್ನ ಕೈ ಹಿಡಿದು, ಮುಂದಿನ ವರ್ಷ ತಾಯಿಯನ್ನೂ ಕರೆದುಕೊಂಡು ಬಾ ಎಂದಳು.

ಸೋಮವಾರ ಬೆಳಿಗ್ಗೆ ರತ್ನ ಸ್ಟೇಷನ್ನಿಗೆ ಬಂದಳು. ದತ್ತಾರಾಮ ಪಾಳಿಗೆ ಹೋಗಿದ್ದ. ಕಲ್ಯಾಣದ ಲೋಕಲ್ಲಿಗೆ ಹತ್ತು ನಿಮಿಷವಿತ್ತು. ಪ್ಲಾಟ್‌ಫಾರ್ಮಿನಲ್ಲಿ ಅವಳು ಕೇಳಿದಳು, "ಅಣ್ಣಯ್ಯ, ಅಮ್ಮ ಏನೂ ಕಳಿಸಲಿಲ್ಲ, ಅಲ್ವಾ?"

"ಯಾಕೆ ಹಾಗಂತೀಯ?"

"ಆ ಸೂಪು ಇಲ್ಲೀದು. ಕಣ ಮಾಟುಂಗದ ಅಂಗಡೀದು, ಅಂಚಿನಲ್ಲಿ ಮುದ್ರೆ ಇತ್ತು. ಅರಸೀಕೆರೆಯಿಂದ ಬರೋ ಬಾಗಿನದಲ್ಲಿ ಕೊಬ್ಬರಿ ಇಲ್ದೆ ಇರುತ್ತಾ? ಅಮ್ಮ ಕೊಬ್ಬರಿ ಬಿಟ್ಟು ಬಾಗಿನ ಕಟ್ಟೋಳಾ?"

"ಇಲ್ಲ ರತ್ನ, ಅಮ್ಮನೇ..."

"ಸಾಕು ಬಿಡು." ಅವಳು ನಕ್ಕಳು, ಕಣ್ಣು ತುಂಬಿತ್ತು. "ಅಮ್ಮನ ಮನಸ್ಸು ಕರಗಿಲ್ಲ. ನೀನೇ ನನ್ನ ಮಾನ ಉಳಿಸೋಕೆ ಇಷ್ಟು ದೂರ ಬಂದು, ಇದನ್ನೆಲ್ಲ ಮಾಡಿದೆ. ಅಮ್ಮನ ಹೆಸರು ಬೇರೆ ಹೇಳಿದೆ. ನಿನ್ನಂಥ ಅಣ್ಣ ಯಾರಿಗಿದ್ದಾನೆ ಹೇಳು." ಬಗ್ಗಿ ನನ್ನ ಕಾಲು ಮುಟ್ಟಿದಳು.

ಗಾಡಿ ಬರಲು ಇನ್ನೂ ನಾಲ್ಕು ನಿಮಿಷವಾದರೂ ಇತ್ತು. ಕುಡಚಿಯ ಕಥೆ ಹೇಳಲು ಎರಡು ನಿಮಿಷ ಸಾಕು. ಹೇಳಲಿಲ್ಲ. ನಾಚಿಕೆಯಿಲ್ಲದೆ ಬರೆಯುತ್ತೇನೆ, ಅವಳ ಬಾಯಲ್ಲಿ ಒಳ್ಳೆಯವನು ಎನ್ನಿಸಿಕೊಂಡದ್ದು ಆ ಗಳಿಗೆಯಲ್ಲಿ ನನಗೆ ಹಿತವಾಗಿತ್ತು. ಲೋಕಲ್ ಬಂತು, ಹತ್ತಿದೆ. ಅವಳು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ನಡೆದಳು. ಆಮೇಲೆ ಗುಡ್ಡ, ಉಪ್ಪಿನ ಗದ್ದೆ, ಮಳೆ.

ಕಲ್ಯಾಣದಲ್ಲಿ ಪೂನಾ ಗಾಡಿಗೆ ಒಂದೂವರೆ ಗಂಟೆ ಕಾಯಬೇಕಿತ್ತು. ಎದುರಿನ ಪ್ಲಾಟ್‌ಫಾರ್ಮಿನಿಂದ ಭಾಂಡುಪಿನ ಕಡೆಗೆ ಲೋಕಲ್‌ಗಳು ಹೋಗುತ್ತಲೇ ಇದ್ದವು. ಹಿಂದಿರುಗಿ ಹೋಗಿ ಹೇಳಬಹುದಿತ್ತು. ನಾನು ಒಂದು ದಿನ ತಡವಾಗಿ ಹೋದರೆ ಅಂಚೆ ಕಚೇರಿಯೇನೂ ಮುಳುಗುತ್ತಿರಲಿಲ್ಲ, ಒಂದು ತಂತಿ ಕೊಟ್ಟರೆ ಮುಗಿಯುತ್ತಿತ್ತು. ಮೂರು ಲೋಕಲ್ ಹೋಗಲು ಬಿಟ್ಟೆ. ಕಾಗದದಲ್ಲಿ ಬರೆದರಾಯಿತು ಎಂದುಕೊಂಡೆ. ಪೂನಾ ಗಾಡಿ ಬಂದಾಗ ನೂಕಿಕೊಂಡು ಹತ್ತಿದೆ, ಕಿಟಕಿಯ ಪಕ್ಕದಲ್ಲಿ ಜಾಗ ಸಿಕ್ಕಿತು.

ಊರಿಗೆ ಬಂದು ಕಾಗದ ಬರೆಯಲು ಎರಡು ಸಲ ಕೂತೆ, ಎರಡು ಸಲವೂ ಹರಿದೆ. ಅಮ್ಮನಿಗೆ ಮಾತ್ರ ಎಲ್ಲ ಚೆನ್ನಾಗಿ ಆಯಿತು ಎಂದೆ. ಅಮ್ಮನಿಗೆ ಹೊಸ ಜೀವ ಬಂದಂತಾಯಿತು. ಮಗಳು ಅಳಿಯ ದೀಪಾವಳಿಗೆ ಬರಬೇಕು, ನಾನೇ ಕರೆಯುತ್ತಿದ್ದೇನೆಂದು ಬರೆ ಎಂದು ಪಟ್ಟು ಹಿಡಿದಳು. ಎದುರಿಗೆ ಕೂತು ಒಂದೊಂದು ಮಾತೂ ಹೇಳಿ ಬರೆಸಿದಳು. ಹೊಸ್ತಿಲಿನ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಮಗಳೇ ಎಂದೂ ಬರೆಸಿದಳು.

ಆ ಕಾಗದ ಹಾಕಿದ ಹನ್ನೆರಡನೆಯ ದಿನ ಅಂಚೆ ಚೀಲದಲ್ಲಿ ರತ್ನಳ ಕಾರ್ಡು ಬಂತು. ನಾನೇ ಮುದ್ರೆ ಒತ್ತಿದೆ, ನಾನೇ ಓದಿದೆ. "ಅಣ್ಣಯ್ಯ, ನಿನ್ನ ಪ್ರೀತಿ ನನಗೆ ಗೊತ್ತು. ಆದರೆ ಅಮ್ಮನ ಹೆಸರಿನಲ್ಲಿ ಇನ್ನು ನೀನು ಬರೆಯಬೇಡ. ನನಗೆ ಬಹಳ ನೋವಾಗುತ್ತದೆ. ನಾವು ಬರುವುದಿಲ್ಲ."

ಸಂಜೆ ಮನೆಗೆ ಹೋಗುವಷ್ಟರಲ್ಲಿ, ಮುಂಬಯಿಯ ಕಾರ್ಡು ಬಂದಿದೆಯೆಂದು ಪೋಸ್ಟ್‌ಮನ್ ಹೇಳಿಬಿಟ್ಟಿದ್ದ. ಅಮ್ಮ ಮುಖ ತೊಳೆದು, ಚಾಪೆ ಹಾಕಿಕೊಂಡು ಕೂತಿದ್ದಳು. ಜಾನಕಿಯನ್ನೂ ಒಲೆಯ ಮುಂದಿನಿಂದ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಯಾವತ್ತು ಬರ್ತಾಳಂತೋ?" ಎಂದಳು. "ಸ್ವಲ್ಪ ಗಟ್ಟಿಯಾಗಿ ಓದು."